ಅವರು ಬಯಲು ಸೇರಿದರು

ಗೋಕಾಕ ಫಾಲ್ಸ್
೪ ಫೆಬ್ರವರಿ ೧೯೪೬

ಚಿ. ಸೌ. ಕಾಶೆವ್ವಳಿಗೆ ಅಣ್ಣ ರಾಚಪ್ಪನ ಆಶೀರ್ವಾದ.

ನಾನು ನೆಟ್ಟಗಿದ್ದೇನೆ, ನೀನೂ ನೆಟ್ಟಗಿರಬೇಕು. ಕುಶಲದ ಮಾತು ಇಷ್ಟಕ್ಕೆ ಸಾಕು. ಈಗ ಸುದ್ದಿ ಕೇಳು. ಅಮೇರಿಕೆಯವರು ಚಂದ್ರನನ್ನು ಮುಟ್ಟಿಬಿಟ್ಟರು!

ಕೈಯಿಂದಲ್ಲ, ರಾಡಾರಿನಿಂದ. ಯುದ್ಧದಲ್ಲಿ ಕತ್ತಲೊಳಗಿನ ವಿಮಾನ ಹುಡುಕಲು ಒಂದು ಯಂತ್ರ ಮಾಡಿದ್ದರಲ್ಲ, ಅದರ ಮುಖವನ್ನು ಈಗ ಚಂದ್ರನ ಕಡೆಗೆ ತಿರುಗಿಸಿದ್ದಾರೆ. ತಂತಿಯಿಲ್ಲದೆ ಹೋಗುವ ಬಿನ್‌ತಾರಿಯ ಅಲೆ ಇಲ್ಲಿಂದ ಹೊರಟು, ಚಂದ್ರನಿಗೆ ಬಡಿದು, ತಿರುಗಿ ಬಂದಿದೆ. ಹೋಗಿ ಬರಲು ಹಿಡಿದದ್ದು ಎರಡೂವರೆ ಸೆಕೆಂಡು. ನೀನು ಒಂದು ರೊಟ್ಟಿ ತಿರುವಿ ಹಾಕುವುದರೊಳಗೆ! ಗಿರಣಿಯ ವಾಚನಾಲಯದಲ್ಲಿ ಮುಂಬಯಿಯ ಪೇಪರು ಓದುತ್ತ ಕೂತಿದ್ದವನು ಎದ್ದು ನಿಂತುಬಿಟ್ಟೆ. ಬಾಜೂ ಕೂತಿದ್ದ ಉದ್ದಪ್ಪ, "ಯಾಕಲೇ ರಾಚ್ಯಾ, ಚೇಳ ಕಡೀತೇನು?" ಅಂದ. "ಚಂದ್ರಗ ಕೂಗಿದ್ರ ಚಂದ್ರ ಓ ಅಂದಾನಲೇ!" ಅಂದೆ. "ನಿನಗ ಯಾರರೆ ಹೆಣ್ಣ ಕೊಟ್ಟಿದ್ರ ಇಂಥಾದೆಲ್ಲಾ ಆಗ್ತಿದ್ದಿಲ್ಲ ನೋಡ," ಅಂದು ಅವನು ತನ್ನ ಪೇಪರಿನೊಳಗೆ ಹೊಕ್ಕ.

ಅಂದಿನಿಂದ ತಲೆಯಲ್ಲಿ ಹುಳ ಬಿಟ್ಟ ಹಾಗಾಗಿದೆ. ಮೊನ್ನೆ ಕೆಲಸದ ಮೇಲಿದ್ದಾಗ ಇನ್ನೊಂದು ಸಂಗತಿ ನಡೆಯಿತು. ಗಿರಣಿಗೆ ಕರೆಂಟು ತಯಾರಾಗುವ ನಮ್ಮ ಪವರ್‌ಹೌಸಿನಲ್ಲಿ ನೆಲ ತೊಳೆಯುತ್ತಿದ್ದೆವು. ನೀರು ಜೋರಾಗಿ ನುಗ್ಗಿತು, ಕೈಯಲ್ಲಿನ ನಳಿಗೆ ಕುದುರೆಯ ಹಾಗೆ ಹಿಂದಕ್ಕೆ ಒದೆಯಿತು, ನಾನು ಬಿದ್ದೆ. ಬಿದ್ದಲ್ಲಿಯೇ ನಗು ಬಂತು. ಜರ್ಮನಿಯವರು ಲಂಡನ್ನಿನ ಮೇಲೆ ಬಿಟ್ಟ ರಾಕೆಟ್ಟು ಹಾರಿದ್ದು ಇದೇ ಒದೆತದಿಂದ! ಹಿಂದಕ್ಕೆ ಬೆಂಕಿ ಉಗುಳುವುದು, ತಾನು ಮುಂದಕ್ಕೆ ಹೋಗುವುದು. ಹಾಗಾದರೆ ಕೂಗು ಹೋಗಿಬಂದ ದಾರಿಯಲ್ಲಿ ಒಬ್ಬ ಮನುಷ್ಯ ಯಾಕೆ ಹೋಗಬಾರದು?

ಕಥೆ ಬರೆಯಲು ಕೂತಿದ್ದೇನೆ. 'ತಿಂಗಳೂರಿನ ಬಂಡಿ' ಎಂದು ಹೆಸರು. ಪುಷ್ಪಕ ವಿಮಾನವಿಲ್ಲ, ಮಂತ್ರವಿಲ್ಲ. ಪೇಪರಿನಲ್ಲಿ ಬಂದದ್ದಕ್ಕಿಂತ ಒಂದೇ ಹೆಜ್ಜೆ ಮುಂದೆ. ಹೋಗುವವನಿಗೆ ನಮ್ಮ ಮುರಿಗೆಪ್ಪನ ಹೆಸರೇ ಇಟ್ಟಿದ್ದೇನೆ. ಬಿನ್‌ತಾರಿ ಯಂತ್ರ ಹೊತ್ತು ಪಲ್ಟಣದ ಜೊತೆ ಸಿಂಗಾಪುರದವರೆಗೆ ಹೋದ ನಿನ್ನ ಗಂಡನನ್ನು ಬಿಟ್ಟರೆ ಈ ಕೆಲಸಕ್ಕೆ ಯೋಗ್ಯನು ಇನ್ನಾರು?

ಒಂದು ಮಾತು, ಸಿಟ್ಟಾಗಬೇಡ. ಸಿಂಗಾಪುರ ಬಿದ್ದು ನಾಲ್ಕು ವರ್ಷವಾಯಿತು. ಸೆರೆ ಸಿಕ್ಕವರೆಲ್ಲ ಬಿಡುಗಡೆಯಾಗಿ ಊರು ಸೇರಿದರು. ಸರಕಾರದ ಕಾಗದ 'ಕಾಣೆಯಾಗಿದ್ದಾನೆ' ಎಂಬಲ್ಲಿಗೇ ನಿಂತಿದೆ. ಯಮಕನಮರಡಿಯ ದುಂಡಪ್ಪ, ಆ ಹೆಂಡತಿ ತೀರಿದವರು, ಮತ್ತೆ ಹೇಳಿಕಳಿಸಿದ್ದಾರೆ. ಉಡಿಕಿ ಮಾಡಿಕೊಂಡು ಎರಡನೆಯ ಮನೆ ಸೇರುವುದು ನಮ್ಮಲ್ಲಿ ಇರುವ ಪದ್ಧತಿಯೇ. ನಿನಗಿನ್ನೂ ಇಪ್ಪತ್ತೈದು ತುಂಬಿಲ್ಲ. ಯೋಚಿಸು.

ನಿನ್ನ ಅಣ್ಣ,
ರಾಚಪ್ಪ


ಮುದಲಗಿ
೧೭ ಫೆಬ್ರವರಿ ೧೯೪೬

ಅಣ್ಣ ರಾಚಪ್ಪನಿಗೆ ಕಾಶೆವ್ವ ಮಾಡುವ ಶರಣು.

ಚಂದ್ರನಿಗೆ ಬಡಿದು ಬಂದರೇ? ಅಯ್ಯ ಪಾಪ, ಅವನೇನು ಮಾಡಿದ್ದ!

ನಿನ್ನ ಕಾಗದವನ್ನು ನಮ್ಮ ಅತ್ತಿಯವರಿಗೆ ಓದಿ ಹೇಳಿದೆ, ಕೊನೆಯ ಮಾತು ಬಿಟ್ಟು. ಅವರು ಪೂರ್ತಿ ಕೇಳಿದರು. ಆಮೇಲೆ, "ಅಷ್ಟ ದೂರ ಕೂಗ ಮುಟ್ಟತೈತಿ ಅಂದ್ರ ಸಿಂಗಾಪುರಕ್ಕ ಯಾಕ ಮುಟ್ಟವಲ್ದು? ರಾಚಪ್ಪನ್ನ ಕೇಳ," ಅಂದರು. ನಿನಗೆ ಉತ್ತರ ತೋಚಿದರೆ ಬರೆ.

ಆದರೆ ಏನು ಬುದ್ಧಿ ನಿನ್ನದು! ಊರಲ್ಲಿ ಬೇರೆ ಹೆಸರೇ ಇರಲಿಲ್ಲವೇ? ಈ ಮನೆಯಲ್ಲಿ ಓದು ಬರುವವಳು ನಾನೊಬ್ಬಳೇ. ಕಥೆ ಬಂತೆಂದರೆ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಗೇ ಬಂದು ಕೂಡುತ್ತಾರೆ. ಗಂಡನ ಹೆಸರನ್ನು ನಾನು ಬಾಯಿಂದ ಆಡಲೇ? ಮದುವೆಯಲ್ಲಿ ಒಗಟು ಕಟ್ಟಿ ಹೇಳಿಸಿದ್ದು ಒಮ್ಮೆ, ಅದೇ ಕೊನೆ. ಬರೆಯಲಿಕ್ಕೂ ಕೈ ಬರುವುದಿಲ್ಲ. ಆ ಹೆಸರು ಬಂದಲ್ಲೆಲ್ಲ 'ಅವರು' ಎಂದು ಓದಬೇಕು, ಇನ್ನೇನು ಮಾಡಲಿ.

ನಿನ್ನ ಬಂಡಿಯಲ್ಲಿ ಅವರು ಏನು ಉಣ್ಣುತ್ತಾರೆ? ಅದನ್ನು ಬರೆದೇ ಇಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡು, ಕೆಡುವುದಿಲ್ಲ. ಒದೆಯುವ ನಳಿಗೆ, ಉಗುಳುವ ಬೆಂಕಿ ಎಲ್ಲ ಯೋಚಿಸಿದ್ದೀ, ಹೊಟ್ಟೆಯ ವಿಚಾರ ಮಾಡಲಿಲ್ಲ. ಇನ್ನೊಂದು ಮಾತು: ಕಳಿಸಿದವನು ನೀನು, ತಿರುಗಿ ಕರೆದುಕೊಂಡೂ ಬಾ. ಇದೊಂದು ನನ್ನ ಮಾತು ನಡೆಸು.

ಯಮಕನಮರಡಿಯ ಸುದ್ದಿ ಇನ್ನೊಮ್ಮೆ ಬರೆದರೆ ಕಾಗದವನ್ನು ಓದದೆ ಒಲೆಗೆ ಹಾಕುತ್ತೇನೆ.

ನಿನ್ನ ತಂಗಿ,
ಕಾಶೆವ್ವ


ಹುಕ್ಕೇರಿ
೧೧ ಮಾರ್ಚ್ ೧೯೪೬

ಶ್ರೀ ರಾಚಪ್ಪನವರಿಗೆ 'ಮುಂಬೆಳಗು' ಮಾಸಿಕದ ಸಂಪಾದಕ ಗುರುಲಿಂಗಪ್ಪನ ವಂದನೆಗಳು.

ತಮ್ಮ ಕಥೆಯ ಮೊದಲ ಕಂತು ಮುಟ್ಟಿತು. ಅಚ್ಚಿನ ಮೊಳೆ ಜೋಡಿಸುವ ನಮ್ಮ ಸತ್ತೆಪ್ಪ ಕೆಲಸ ಬಿಟ್ಟು ಓದುತ್ತ ಕುಳಿತದ್ದರಿಂದ ಕಥೆ ಚೆನ್ನಾಗಿದೆಯೆಂದು ತಿಳಿದು ಸ್ವೀಕರಿಸಿದ್ದೇನೆ. ಎರಡು ತಕರಾರು ಮಾತ್ರ.

ಒಂದು, ತಾವು ಅಂತರಿಕ್ಷಕ್ಕೆ ಎಲ್ಲೆಡೆಯೂ 'ಬಯಲು' ಎಂದು ಬರೆದಿರುವಿರಿ. 'ಮುರಿಗೆಪ್ಪ ಬಯಲಿಗೆ ಹೋಗಲು ಸಿದ್ಧನಾದ' ಎಂಬಲ್ಲಿ ಸತ್ತೆಪ್ಪ, "ಚಂಬು ತಗೊಂಡಾನಿಲ್ಲೋ ಕೇಳ್ರಿ ಸಾಹೇಬ್ರ," ಎಂದು ಬಿದ್ದು ಬಿದ್ದು ನಕ್ಕ. ಓದುಗರೂ ನಗುವರು. 'ಗಗನಮಂಡಲ' ಎಂದು ತಿದ್ದಲೇ?

ಎರಡು, ನಾಯಕನು ದೀಪಾವಳಿ ಸಂಚಿಕೆಯೊಳಗೆ ಕ್ಷೇಮವಾಗಿ ಮರಳಿ ಬರತಕ್ಕದ್ದು. ಹಬ್ಬದಲ್ಲಿ ಓದುಗರನ್ನು ಅಳಿಸುವುದು ನಮ್ಮ ಪತ್ರಿಕೆಯ ರೂಢಿಯಲ್ಲ.

ಇತಿ ತಮ್ಮ ವಿಶ್ವಾಸಿ,
ಗುರುಲಿಂಗಪ್ಪ


ಗೋಕಾಕ ಫಾಲ್ಸ್
೨ ಏಪ್ರಿಲ್ ೧೯೪೬

ಚಿ. ಸೌ. ಕಾಶೆವ್ವಳಿಗೆ ಆಶೀರ್ವಾದ.

ಯುಗಾದಿಯ ಬೇವು-ಬೆಲ್ಲ ಬಾಯಿಗೆ ಹಾಕಿಕೊಳ್ಳುವುದರೊಳಗೆ ಹುಕ್ಕೇರಿಯ ಸಂಪಾದಕರ ಜೊತೆ ಜಗಳ ತೆಗೆದು ಕೂತಿದ್ದೇನೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಅವರಿಗೆ 'ಬಯಲು' ಬೇಡವಂತೆ, ಚಂಬು ನೆನಪಾಗುತ್ತದಂತೆ. ನಾನು ಬರೆದೆ: ಆಕಾಶವೆಂದರೆ ನೀಲಿ ಕಾಣುವುದು, ಮೋಡವಿರುವುದು, ಹಕ್ಕಿ ಹಾರುವುದು. ಅದರಾಚೆ ಗಾಳಿಯೂ ಇಲ್ಲ, ಬಣ್ಣವೂ ಇಲ್ಲ, ಮೇಲೆ ಕೆಳಗೆ ಎಂಬುದೂ ಇಲ್ಲ. ಅಂಥ ಜಾಗಕ್ಕೆ ನಮ್ಮ ಶರಣರು ಎಂದೋ ಹೆಸರಿಟ್ಟಿದ್ದಾರೆ. ಅಮೇರಿಕೆಯವರು ಈಗ ಹುಡುಕಲು ಹೊರಟ ಜಾಗಕ್ಕೆ ನಮ್ಮಲ್ಲಿ ಆಡುಮಾತಿನ ಹೆಸರಿದೆ, ಅದನ್ನು ಬಿಟ್ಟು ಗಗನಮಂಡಲ ಯಾಕೆ? ನಗುವವರು ನಗಲಿ. ಹೀಗೆ ಬರೆದದ್ದಕ್ಕೆ ಅವರು ಸುಮ್ಮನಾದರು.

ಆದರೆ ಅವರ ಎರಡನೆಯ ತಕರಾರೂ ನಿನ್ನದೂ ಒಂದೇ ಆಗಿದೆ: ತಿರುಗಿ ಕರೆದುಕೊಂಡು ಬಾ. ಕಾಶೀ, ನಾನು ಪ್ರಯತ್ನ ಮಾಡದೆ ಇಲ್ಲ. ತೂಗುಸೇತುವೆಯ ಮೇಲೆ ಅತ್ತಿಂದಿತ್ತ ನಡೆದು ನಡೆದು ಕಾಲು ಸೋತವು. ಲೆಕ್ಕ ಕೂಡುವುದಿಲ್ಲ. ನೆಲದಿಂದ ಬಿಡಿಸಿಕೊಂಡು ಹೋಗಲು ಬೇಕಾದ ಎಣ್ಣೆಯೇ ಬೆಟ್ಟದಷ್ಟು. ತಿರುಗಿ ಬರುವ ಎಣ್ಣೆಯನ್ನೂ ಹೊರಬೇಕೆಂದರೆ ಆ ಎಣ್ಣೆಯನ್ನು ಹೊರಲು ಮತ್ತಷ್ಟು ಎಣ್ಣೆ. ಬಂಡಿ ಜಾಗ ಬಿಟ್ಟು ಏಳುವುದೇ ಇಲ್ಲ. ಚಂದ್ರನ ಮೇಲೆ ಇಳಿಯಬಲ್ಲ, ಏಳಲಾರ. ಸುಳ್ಳು ಕಥೆಯಲ್ಲವೇ, ಒಂದು ಸಾಲು ಬರೆದರೆ ಬರುತ್ತಾನೆ ಅನ್ನಬೇಡ. ಸುಳ್ಳಿಗೂ ಒಂದು ನ್ಯಾಯ ಬೇಕು. ಹೋಗುವುದನ್ನು ವಿಜ್ಞಾನದಿಂದ ಬರೆದು ಬರುವುದನ್ನು ಪವಾಡದಿಂದ ಬರೆದರೆ ನನ್ನ ಕಥೆಗೂ ಅಜ್ಜಿಯ ಕಥೆಗೂ ಏನು ವ್ಯತ್ಯಾಸ?

ಅತ್ತಿಯವರ ಪ್ರಶ್ನೆಗೆ ಉತ್ತರ: ಸಿಂಗಾಪುರಕ್ಕೂ ಬಿನ್‌ತಾರಿ ಮುಟ್ಟುತ್ತದೆ. ಆದರೆ ರಾಡಾರಿನ ಕೂಗು ತಿರುಗಿ ಬರಬೇಕಾದರೆ ಅಲ್ಲಿ ಬಡಿಯಲು ಏನಾದರೂ ಇರಬೇಕು. ಚಂದ್ರನಿದ್ದಾನೆ, ಅದಕ್ಕೆ ಬಂತು. ಒಂದು ಗೇಣು ತಪ್ಪಿ ಬಾಜೂ ಹೋಯಿತೆಂದರೆ ಹೋಗುತ್ತಲೇ ಇರುತ್ತದೆ.

ನಿನ್ನ ಶೇಂಗಾ ಚಟ್ನಿಯನ್ನು ಕಥೆಯೊಳಗೆ ಹಾಕಿದ್ದೇನೆ.

ನಿನ್ನ ಅಣ್ಣ,
ರಾಚಪ್ಪ


ಮುದಲಗಿ
೨೦ ಏಪ್ರಿಲ್ ೧೯೪೬

ಅಣ್ಣ ರಾಚಪ್ಪನಿಗೆ ಶರಣು.

ನೀನು ಅತ್ತಿಯವರಿಗೆ ಬರೆದ ಉತ್ತರವನ್ನು ಅವರಿಗೆ ಓದಿ ಹೇಳಲಿಲ್ಲ. "ಯಂತ್ರ ಬ್ಯಾರೆ, ಮನಶ್ಯಾ ಬ್ಯಾರೆ ಅಂತ ಬರದಾನ್ರಿ," ಎಂದು ಏನೋ ಹೇಳಿ ತೇಲಿಸಿದೆ.

ಆದರೆ ನನ್ನ ಕಿವಿಯಿಂದ ಅದು ಹೋಗುತ್ತಿಲ್ಲ. ನಾಲ್ಕು ವರ್ಷದಿಂದ ಕೂಗುತ್ತಿದ್ದೇನೆ. ಪಲ್ಟಣಕ್ಕೆ ಬರೆಸಿದೆ, ಬೆಳಗಾವಿಗೆ ಬರೆಸಿದೆ, ಸೆರೆಯಿಂದ ಬಂದವರ ಮನೆ ಮನೆಗೆ ಹೋಗಿ ಕೇಳಿದೆ. ಏನೂ ತಿರುಗಿ ಬರಲಿಲ್ಲ. ದೂರ ಬಹಳವಾಗಿ ತಡವಾಗುತ್ತಿದೆ ಎಂದುಕೊಂಡಿದ್ದೆ. ಬಡಿಯಲು ಅಲ್ಲಿ ಏನೂ ಇಲ್ಲದಿದ್ದರೂ ಹೀಗೇ ಆಗುತ್ತದೆ ಎಂದು ನೀನು ಈಗ ಬರೆದೆ. ಇದು ವಿಜ್ಞಾನವೋ, ಯಮಕನಮರಡಿಯ ಮಾತನ್ನೇ ಬೇರೆ ದಾರಿಯಿಂದ ಹೇಳಿದ್ದೋ?

ರೊಟ್ಟಿ ತಟ್ಟುವಾಗ ಎರಡು ಸಲ ಕೈ ಸುಟ್ಟುಕೊಂಡೆ. ಕೂತಲ್ಲಿ ಕೂಡಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನೀನು ಕಥೆ ಮುಗಿಸುವವರೆಗೆ ಹೀಗೇ ಎಂದು ಕಾಣುತ್ತದೆ. ಲೆಕ್ಕ ಇನ್ನೊಮ್ಮೆ ಮಾಡು.

ಕಾಶೆವ್ವ


ಮುದಲಗಿ
೯ ಜೂನ್ ೧೯೪೬

ಅಣ್ಣಾ,

ಶರಣು ಬರೆಯುವ ಮನಸ್ಸಿಲ್ಲ. ನಡೆದದ್ದನ್ನು ಬರೆಯುತ್ತೇನೆ, ಓದು.

'ಮುಂಬೆಳಗು' ಬುಧವಾರ ಬಂತು. ಮಧ್ಯಾಹ್ನ ಹೆಂಗಸರು ಪಡಸಾಲೆಯಲ್ಲಿ ಬಿತ್ತುವ ಶೇಂಗಾ ಸುಲಿಯುತ್ತ ಕೂತಿದ್ದರು. ಅತ್ತಿ, ಬಾಜೂ ಮನೆಯ ಬಾಳವ್ವ, ಸಾತವ್ವ, ಇನ್ನೂ ಕೆಲವರು. ಹಿಂದಿನ ಕಂತುಗಳನ್ನು ಕೇಳಿದವರೇ. ಬಂಡಿ ಹೊರಡುವುದು ಯಾವಾಗ ಎಂದು ಕಾದಿದ್ದವರು. ನಾನು ಓದಿದೆ. ಬಂಡಿ ಬೆಂಕಿ ಉಗುಳಿತು, ನೆಲ ಬಿಟ್ಟಿತು, ಘಟಪ್ರಭೆ ದಾರದ ಎಳೆಯಷ್ಟು ಸಣ್ಣದಾಯಿತು. ಬಾಳವ್ವ ಸುಲಿಯುವುದನ್ನೂ ಮರೆತಳು. ಖರೆ ಹೇಳುತ್ತೇನೆ, ನೀನು ಚಲೋ ಬರೆದಿದ್ದೀ.

ಆಮೇಲೆ ಆ ಸಾಲು ಬಂತು. ಗಾಳಿ ಮುಗಿಯಿತು, ಮೈಯ ತೂಕ ಮುಗಿಯಿತು ಎಂದು ಬರೆದು, ಅವರ ಹೆಸರು ಬರೆದು, ಬಯಲು ಸೇರಿದ ಎಂದು ಬರೆದಿದ್ದೀಯಲ್ಲ, ಅದು. ಹೆಸರಿದ್ದಲ್ಲಿ ನಾನು ಎಂದಿನ ಹಾಗೆ ಓದಿದೆ: "ಅವರು ಬಯಲು ಸೇರಿದರು." ಓದುವಾಗ ಗಂಟಲು ಕಟ್ಟಿತು. ಯಾಕೆ ಎಂದು ಕೇಳಬೇಡ.

ಅತ್ತಿ ಆಗ ಇನ್ನಷ್ಟು ಶೇಂಗಾ ತರಲು ಒಳಗೆ ಹೋಗಿದ್ದರು. ತಿರುಗಿ ಬಂದು ಬಾಗಿಲಲ್ಲಿ ನಿಂತವರಿಗೆ ಕೇಳಿಸಿದ್ದು ಅದೊಂದೇ ಮಾತು. ಸೊಸೆಯ ಕೈಯಲ್ಲಿ ಕಾಗದ, ಸೊಸೆಯ ಗಂಟಲು ಕಟ್ಟಿದೆ, ಅವರು ಬಯಲು ಸೇರಿದರು ಅನ್ನುತ್ತಿದ್ದಾಳೆ. ನಮ್ಮ ಮಂದಿಗೆ ಬಯಲಾಗುವುದು ಎಂದರೆ ಲಿಂಗೈಕ್ಯವಾಗುವುದು ಎಂದು ನಿನಗೆ ನಾನು ಹೇಳಬೇಕೇ?

"ಯಾರು?" ಅಂದರು.

"ಅವರು," ಅಂದೆ. ಬೇರೆ ಏನನ್ನಲಿ?

ಶೇಂಗಾದ ಮೊರ ಕೈಯಿಂದ ಬಿತ್ತು. "ಯಪ್ಪಾ, ನನ್ನ ಬಿಟ್ಟ ಹ್ವಾದೇನೋ ಮಗನಾ!" ಎಂದು ನೆಲಕ್ಕೆ ಕುಸಿದರು. ನಾನು "ಅಲ್ಲರಿ ಅತ್ತಿ, ಕಥಿ, ಕಥಿ ಐತ್ರಿ" ಅನ್ನುವುದರೊಳಗೆ ಅಳು ಓಣಿಗೆ ಮುಟ್ಟಿತು. ಓಣಿಯ ಹಿರಿಯಳು ರಾಯವ್ವ ಓಡಿಬಂದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ನನ್ನ ಎಡಗೈ ಹಿಡಿದು ಹೊಸ್ತಿಲಿಗೆ ಅಪ್ಪಳಿಸಿದಳು, ಬಳೆ ಚೂರಾದವು. ಸಾತವ್ವ ಅವಳನ್ನು ಎಳೆದು, "ಕಥಿಯೊಳಗಿನವ ಬೇ ಅಂವ!" ಎಂದು ಕಿರಿಚಿದಳು. ಅಷ್ಟು ಹೊತ್ತು ಕಥೆ ಕೇಳಿದ ಬಾಳವ್ವನೂ ಅಳುತ್ತಿದ್ದಳು. ಆಮೇಲೆ ಕೇಳಿದರೆ, "ಎಲ್ಲಾರೂ ಅಳಾಕತ್ತಿದ್ರು, ನನಗ ಕಥಿನೋ ಖರೇನೋ ತಿಳೀಲಿಲ್ಲವ್ವಾ," ಅಂದಳು.

ಅಣ್ಣಾ, ಆ ಹೊತ್ತಿಗೆ ನಾನು ಹೆಸರು ಹಿಡಿದು, ಇದು ಕಥೆಯೊಳಗಿನ ಇಂಥವನು, ನಮ್ಮವರಲ್ಲ ಎಂದು ಒಮ್ಮೆ ಒದರಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂತು, ಹೊರಗೆ ಬರಲಿಲ್ಲ.

ಈಗ ನನ್ನ ಬಲಗೈಯಲ್ಲಿ ಹಸಿರು ಬಳೆಗಳಿವೆ, ಎಡಗೈ ಬರಿದು. ತಿಳಿಯದೆ ಆದದ್ದು, ಇಂದೇ ಇಡಿಸಿಕೋ ಎಂದು ಅತ್ತಿ ಅಳುತ್ತಾರೆ. ಒಮ್ಮೆ ಒಡೆದ ಮೇಲೆ ಉಡಿಕಿಯಲ್ಲಲ್ಲದೆ ಮತ್ತೆ ಇಡಬಾರದು ಎಂದು ರಾಯವ್ವ ಅನ್ನುತ್ತಾಳೆ. ಬಳೆಗಾರ ಬಾಗಿಲಿಗೆ ಬಂದು, ಇಬ್ಬರ ಮಾತೂ ಕೇಳಿ, ಹೆಗಲ ಮೇಲಿನ ಬಳೆ ಇಳಿಸದೆ ಹೋದ.

ಒಂದು ಕೇಳುತ್ತೇನೆ, ಉತ್ತರ ಕೊಡು. ಎಣ್ಣೆ ಸಾಲುವುದಿಲ್ಲ ಎಂದು ಅವರನ್ನು ಅಲ್ಲಿ ಬಿಟ್ಟೆಯೋ, ನನ್ನನ್ನು ಯಮಕನಮರಡಿಗೆ ಕಳಿಸಬೇಕೆಂದು ಬಿಟ್ಟೆಯೋ?

ಕಾಶೆವ್ವ


ಗೋಕಾಕ ಫಾಲ್ಸ್
೧೮ ಜೂನ್ ೧೯೪೬

ತಂಗಿ ಕಾಶೆವ್ವಳಿಗೆ,

ಕಾಗದ ಮುಟ್ಟಿದ ದಿನವೇ ರಜೆ ಹಾಕಿ ಬಂದೆ. ನೀನು ಒಳಗಿನಿಂದ ಹೊರಗೆ ಬರಲಿಲ್ಲ. ನಿನ್ನ ಅತ್ತಿ ಶಿವವ್ವನವರು ನೀರು ಕೊಟ್ಟರು, ಬೆಲ್ಲ ಕೊಟ್ಟರು, ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಏಳುವಾಗ ಮಾತ್ರ, "ರಾಚಪ್ಪಾ, ನಿನ್ನ ಕಥಿಯೊಳಗರೆ ನನ್ನ ಮಗ ಉಣಾಕ ಏನರೆ ಒಯ್ದಾನಿಲ್ಲೋ?" ಅಂದರು. ಒಯ್ದಿದ್ದಾನೆ ಅಂದೆ. ದಾರಿಯುದ್ದಕ್ಕೂ ಅಳುತ್ತ ಬಂದೆ, ಸುಳ್ಳು ಯಾಕೆ ಹೇಳಲಿ.

ನೀನು ಕೇಳಿದ್ದಕ್ಕೆ ಉತ್ತರ. ಲೆಕ್ಕ ಲೆಕ್ಕವೇ, ಅದರಲ್ಲಿ ಮೋಸವಿಲ್ಲ. ಆದರೆ ಲೆಕ್ಕ ಕೂಡದೆ ಹೋದಾಗ ನನಗೆ ಒಳಗೊಳಗೇ ಒಂದಿಷ್ಟು ಹಗುರಾಯಿತೋ ಇಲ್ಲವೋ, ಅದನ್ನು ನಾನು ಖಂಡಿತವಾಗಿ ಹೇಳಲಾರೆ. ಇದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿಲ್ಲ.

ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತೇನೆಂದು ಹುಕ್ಕೇರಿಗೆ ಬರೆದಿದ್ದೇನೆ. ವಾಚನಾಲಯದ ಕಡೆ ಕಾಲಿಡುತ್ತಿಲ್ಲ. ಪಂಚಮಿಗೆ ನಿನ್ನನ್ನು ಕರೆಯಲು ಬರುತ್ತೇನೆ. ಬಾ, ನಾಲ್ಕು ದಿನ ತವರಿನಲ್ಲಿರು. ಜೋಕಾಲಿ ಆಡುವ ವಯಸ್ಸು ನಿನಗೆ ಇನ್ನೂ ಮುಗಿದಿಲ್ಲ.

ರಾಚಪ್ಪ


ಮುದಲಗಿ
೨೪ ಜುಲೈ ೧೯೪೬

ಅಣ್ಣಾ,

'ಚಿ. ಸೌ.' ಯಾಕೆ ಬಿಟ್ಟೆ? ಯಾರನ್ನು ಕೇಳಿ ಬಿಟ್ಟೆ? ರಾಯವ್ವ ನನ್ನ ಕೈಯದನ್ನು ಒಡೆದಳು, ನೀನು ಹೆಸರಿನ ಹಿಂದಿನದನ್ನು ಒಡೆದೆ. ಅವಳಿಗಾದರೂ ಓದು ಬರುವುದಿಲ್ಲ.

ಪಂಚಮಿಗೆ ಬರುವುದಿಲ್ಲ. ಬಂಡಿ ಕಟ್ಟಬೇಡ.

ಕಥೆ ನಿಲ್ಲಿಸುವುದು ಇನ್ನೆಂಥ ಶಾಣ್ಯಾತನ? ಅವರನ್ನು ನಡುದಾರಿಯಲ್ಲಿ ತೂಗಾಡಲು ಬಿಟ್ಟು ನೀನು ಕೈ ತೊಳೆದುಕೊಂಡರೆ ಆಯಿತೇ? ಅತ್ತ ಮುಟ್ಟಲಿಲ್ಲ, ಇತ್ತ ಬರಲಿಲ್ಲ. ಹಾಗಿರುವುದರ ಸುಖ ಏನೆಂದು ನನ್ನನ್ನು ಕೇಳು. ಸರಕಾರವೂ ಅಷ್ಟೇ ಮಾಡಿತು, ನೀನೂ ಅಷ್ಟೇ ಮಾಡುತ್ತೀ. ಬರೆ. ಬರುತ್ತಾರೆ ಎಂದಾದರೂ ಬರೆ, ಬರುವುದಿಲ್ಲ ಎಂದಾದರೂ ಬರೆ, ಆದರೆ ಮುಗಿಸು.

ಕಾಶೆವ್ವ


ಹುಕ್ಕೇರಿ
೩೦ ಸೆಪ್ಟೆಂಬರ್ ೧೯೪೬

ಶ್ರೀ ರಾಚಪ್ಪನವರಿಗೆ ವಂದನೆಗಳು.

ಕಥೆ ಎಲ್ಲಿ? ನಿಡಸೋಸಿಯಿಂದ ಒಬ್ಬರು ನಡೆದು ಬಂದು ಕೇಳಿಹೋದರು. ಸತ್ತೆಪ್ಪನು ತಾನೇ ಎಣ್ಣೆಯ ಲೆಕ್ಕ ಮಾಡಿ ನಾಯಕನನ್ನು ಇಳಿಸುವ ಉಪಾಯ ಹುಡುಕುತ್ತಿದ್ದಾನೆ. ಅಚ್ಚಿನಲ್ಲಿ ತಪ್ಪುಗಳು ಹೆಚ್ಚಿವೆ. 'ಬಯಲು' ಎಂಬುದಕ್ಕೆ ನನ್ನ ತಕರಾರು ಹಿಂದಕ್ಕೆ ಪಡೆದಿದ್ದೇನೆ. ಈಗ ಯಾರೂ ಚಂಬಿನ ಮಾತು ಆಡುತ್ತಿಲ್ಲ. ಅವನು ಮರಳಿ ಬರಲೇಬೇಕೆಂಬ ಹಟವೂ ನನಗಿಲ್ಲ. ಏನಾದನೆಂಬುದು ತಿಳಿದರೆ ಸಾಕು.

ಗುರುಲಿಂಗಪ್ಪ


ಗೋಕಾಕ ಫಾಲ್ಸ್
೫ ಡಿಸೆಂಬರ್ ೧೯೪೬

              ಕಾಶೆವ್ವಳಿಗೆ ಅಣ್ಣನ ಆಶೀರ್ವಾದ.

ಹೆಸರಿನ ಹಿಂದೆ ಜಾಗ ಬಿಟ್ಟಿದ್ದೇನೆ. ಅಲ್ಲಿ ಏನು ಬರೆಯಬೇಕು ಎಂದು ಹೇಳುವವಳು ನೀನು.

ಪಂಚಮಿ ಹೋಯಿತು, ಗಣಪತಿ, ದಸರಾ, ದೀಪಾವಳಿ ಎಲ್ಲ ಹೋದವು. ಮುಗಿಸು ಅಂದಿದ್ದೀ. ಎಷ್ಟು ಸಲ ಬರೆದೆನೋ ಅಷ್ಟು ಸಲ ಹರಿದೆ. ಬಂದ ಎಂದು ಬರೆದೂ ಹರಿದೆ, ಸತ್ತ ಎಂದು ಬರೆದೂ ಹರಿದೆ. ಕೆಲಸದ ಮೇಲೆಯೂ ಲಕ್ಷ್ಯವಿಲ್ಲ. ಉದ್ದಪ್ಪನೇ ಒಂದು ದಿನ ಕೈ ಹಿಡಿದು ವಾಚನಾಲಯಕ್ಕೆ ಎಳೆದುಕೊಂಡು ಹೋದ. "ನಿನ್ನ ಮಂದಿ ಮತ್ತ ಏನೋ ಹಾರಿಸ್ಯಾರ, ಓದ ಬಾ. ಹಿಂಗ ಮಾರಿ ಇಳಿಬಿಟ್ಕೊಂಡ ಅಡ್ಡಾಡಬ್ಯಾಡ," ಅಂದ.

ಓದಿದೆ. ಜರ್ಮನಿಯ ಅದೇ ರಾಕೆಟ್ಟುಗಳನ್ನು ಅಮೇರಿಕೆಯವರು ಒಯ್ದಿದ್ದಾರಲ್ಲ, ಅಂಥದೊಂದರೊಳಗೆ ಈ ಸಲ ಬಾಂಬಿನ ಬದಲು ಚಿತ್ರ ತೆಗೆಯುವ ಕ್ಯಾಮೆರಾ ಇಟ್ಟು ಹಾರಿಸಿದರು. ಗಾಳಿ ಮುಗಿಯುವ ಜಾಗದವರೆಗೆ ಹೋಯಿತು. ಅಲ್ಲಿಂದ ನೆಲಕ್ಕೆ ಅಪ್ಪಳಿಸಿ ನುಚ್ಚುನೂರಾಯಿತು. ಕ್ಯಾಮೆರಾ ಕೂಡ ಉಳಿಯಲಿಲ್ಲ. ಆದರೆ ಫಿಲ್ಮನ್ನು ಉಕ್ಕಿನ ಡಬ್ಬಿಯಲ್ಲಿ ಇಟ್ಟಿದ್ದರು, ಅದೊಂದು ಉಳಿಯಿತು. ಅದನ್ನು ತೊಳೆದು ನೋಡಿದರೆ, ಕಾಶೀ, ಭೂಮಿ! ಅಂಚು ಬಾಗಿದೆ, ಮೋಡಗಳು ಕೆಳಗಿವೆ, ಅಂಚಿನಾಚೆ ಕಪ್ಪು. ಆ ಎತ್ತರದಿಂದ ನಮ್ಮ ನೆಲವನ್ನು ಇಲ್ಲಿಯವರೆಗೆ ಯಾರೂ ನೋಡಿರಲಿಲ್ಲ.

ಆ ರಾತ್ರಿಯಲ್ಲ, ಅಲ್ಲಿಯೇ ಆ ಬೆಂಚಿನ ಮೇಲೆಯೇ ಕೂತು ಬರೆದೆ. ತಿಂಗಳೂರಿನಲ್ಲಿ ಇಳಿದ ಮುರಿಗೆಪ್ಪ ಲೆಕ್ಕ ಮಾಡುತ್ತಾನೆ. ತಾನು ಕೂತರೆ ಬಂಡಿ ಏಳುವುದಿಲ್ಲ. ತಾನು, ತನ್ನ ನೀರು, ತನ್ನ ಗಾಳಿ, ತನ್ನ ರೊಟ್ಟಿಯ ಗಂಟು ಎಲ್ಲ ಇಳಿದರೆ ಹಗುರಾದ ಬಂಡಿ ಏಳುತ್ತದೆ. ಅವನು ಭೂಮಿಯ ಚಿತ್ರ ತೆಗೆದು, ಡಬ್ಬಿಯಲ್ಲಿಟ್ಟು, ಬರಿಯ ಬಂಡಿಯನ್ನು ಕಳಿಸುತ್ತಾನೆ. ಅದು ಘಟಪ್ರಭೆಯ ದಂಡೆಗೆ ಬಿದ್ದು ಒಡೆಯುತ್ತದೆ. ಡಬ್ಬಿ ಉಳಿಯುತ್ತದೆ. ಈ ಸಲ ಲೆಕ್ಕ ಕೂಡುತ್ತದೆ, ಎಲ್ಲಿಯೂ ಪವಾಡವಿಲ್ಲ.

ಹುಕ್ಕೇರಿಗೆ ಕಳಿಸಿಲ್ಲ. ಮೊದಲು ನಿನಗೆ ಕಳಿಸಿದ್ದೇನೆ, ಇದಕ್ಕೆ ಇನ್ನೊಂದು ಪ್ರತಿಯಿಲ್ಲ. ಹೆಸರು ಬದಲಿಸು ಅಂದರೆ ಬದಲಿಸುತ್ತೇನೆ. ಬೇಡವೆನಿಸಿದರೆ ಒಲೆಗೆ ಹಾಕು, ನಾನು ಮತ್ತೆ ಕೇಳುವುದಿಲ್ಲ.

ನಿನ್ನ ಅಣ್ಣ,
ರಾಚಪ್ಪ


ಮುದಲಗಿ
೨೯ ಡಿಸೆಂಬರ್ ೧೯೪೬

ಅಣ್ಣ ರಾಚಪ್ಪನಿಗೆ ಕಾಶೆವ್ವ ಮಾಡುವ ಶರಣು.

ಒಲೆಗೆ ಹಾಕಲಿಲ್ಲ. ಈ ಕಾಗದದ ಜೊತೆ ತಿರುಗಿ ಕಳಿಸಿದ್ದೇನೆ, ಹುಕ್ಕೇರಿಗೆ ಕೊಡು. ಹೆಸರು ಬದಲಿಸಬೇಡ.

ಮೊದಲು ನಾನೊಬ್ಬಳೇ ಓದಿದೆ. ಓದಿ ಹಿತ್ತಲಿಗೆ ಹೋಗಿ ಅತ್ತೆ. ನಾಲ್ಕು ವರ್ಷ ಕಾದೆನೇ ಹೊರತು ಒಮ್ಮೆಯೂ ಹಾಗೆ ಅತ್ತಿರಲಿಲ್ಲ. ಅತ್ತರೆ ಒಪ್ಪಿಕೊಂಡ ಹಾಗೆ ಎಂದು ಹೆದರಿಕೆ. ಅತ್ತಾದ ಮೇಲೆ ಬಲಗೈಯ ಬಳೆಗಳನ್ನು ನಾನೇ ಒಂದೊಂದಾಗಿ ಇಳಿಸಿದೆ. ಒಡೆಯಲಿಲ್ಲ, ಇಳಿಸಿದೆ. ಯಮಕನಮರಡಿಯವರಿಗೆ ಇಲ್ಲ ಎಂದು ತಿಳಿಸಿಬಿಡು. ಅವರ ಮೇಲೆ ಸಿಟ್ಟಿಲ್ಲ. ಮುಂದೆ ಎಂದಾದರೂ ನನಗೆ ಹಾಗೆ ಅನ್ನಿಸಿದರೆ ನನ್ನ ಬಾಯಿಂದಲೇ ನಿನಗೆ ತಿಳಿಯುತ್ತದೆ. ಅಲ್ಲಿಯವರೆಗೆ ಹೆಸರಿನ ಹಿಂದಿನ ಜಾಗ ಹಾಗೇ ಇರಲಿ.

ಆಮೇಲೆ ಅತ್ತಿಯ ಹತ್ತಿರ ಹೋಗಿ, "ಕಥಿ ಮುಗದೈತ್ರಿ, ಓದಲೇನ್ರಿ?" ಅಂದೆ. ಅವರು ನನ್ನ ಎರಡೂ ಕೈ ನೋಡಿದರು. "ಎಲ್ಲಾರನೂ ಕರಿ," ಅಂದರು.

ಬಾಳವ್ವ, ಸಾತವ್ವ ಬಂದರು. ರಾಯವ್ವನೂ ಬಂದು ಬಾಗಿಲ ಹತ್ತಿರ ಕೂತಳು. ಓದಿದೆ. ಬರಿಯ ಬಂಡಿ ಎದ್ದಿತು, ಬಿದ್ದಿತು, ಒಡೆಯಿತು. ದಂಡೆಯಲ್ಲಿ ಡಬ್ಬಿ ಸಿಕ್ಕಿತು. ಚಿತ್ರ ಹರಡಿಕೊಂಡು ಊರಿನವರು ನಮ್ಮೂರು ಎಲ್ಲಿ ಎಂದು ಹುಡುಕುವುದನ್ನು ಓದಿದೆ. ಕೊನೆಯ ಸಾಲಿಗೆ ಬಂದು ನಿಂತೆ. ಅಲ್ಲಿ ಹೆಸರಿತ್ತು.

'ಅವರು' ಎಂದು ಓದಬಹುದಿತ್ತು. ಆದರೆ ಅವರು ಬರಲಿಲ್ಲ ಅಂದರೆ ಮತ್ತೆ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. ಯಾವ ಅವರು, ಎಲ್ಲಿಯ ಅವರು? ಕಥೆಯವರೋ, ನಮ್ಮವರೋ? ಇಷ್ಟು ದಿನ ಆ ಮಾತಿನ ಹಿಂದೆ ನಾನೇ ಅಡಗಿದ್ದೆ ಅನ್ನಿಸಿತು. ನೀನು ಬರೆದದ್ದನ್ನು ಬರೆದ ಹಾಗೆ ಓದಿದೆ:

"ಮುರಿಗೆಪ್ಪ ಬರಲಿಲ್ಲ. ಮುರಿಗೆಪ್ಪ ಕಂಡದ್ದು ಬಂತು."

ರಾಯವ್ವ ಗಲ್ಲಕ್ಕೆ ಕೈ ಹಚ್ಚಿ, "ಯವ್ವಾ, ಗಂಡನ ಹೆಸರ ಹಿಡದ ಅಂದ್ಲಲ್ಲ!" ಅಂದಳು.

"ಸುಮ್ನಿರ ರಾಯವ್ವಾ," ಅಂದರು ಅತ್ತಿ. ಅವರು ಅಳುತ್ತಿರಲಿಲ್ಲ. ನನ್ನ ಹತ್ತಿರಕ್ಕೆ ಸರಿದು ಕೂತರು. "ನಾ ಅಳ್ತೀನಂತ ಎಲ್ಲಾರೂ ಬಾಯಿ ಮುಚಗೊಂಡ ಕುಂತ್ರಿ. ನನ್ನ ಕೂಸಿನ ಹೆಸರ ಈ ಮನ್ಯಾಗ ಕೇಳಿ ನಾಕ ವರ್ಷ ಆತು," ಅಂದರು. ಆಮೇಲೆ ನನ್ನ ಬರಿಗೈ ಹಿಡಿದು, "ಇನ್ನೊಮ್ಮೆ ಓದವ್ವಾ. ಹೆಸರ ಹಚ್ಚಿ ಓದ," ಅಂದರು.

ನಾನು ಇನ್ನೊಮ್ಮೆ ಓದಿದೆ.

ನಿನ್ನ ತಂಗಿ,
ಕಾಶೆವ್ವ